ಮೊಣಕಾಲು ನೋವಿಗೆ ಫಿಲ್ಟರ್ ನೀರು ಕಾರಣವಂತೆ!

ಮಾನ್ಯರೇ,

ನಮ್ಮೂರಿನ ಸಭೆಯ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ನಾನೂ ಕೂತಿದ್ದೆ. ಕೆಟ್ಟು ನಿಂತ ಶುದ್ಧ ನೀರಿನ ಘಟಕ ಯಾವಾಗ ಶುರುವಾಗುತ್ತದೆ ಅಂತ ಕೇಳಿದರೆ, ಸಾಹೇಬರು ಒಂದು ಹಾಳೆ ತೆಗೆದು ಓದಿದರು. ಮೊಣಕಾಲು ನೋವು ಅಂತ ದವಾಖಾನೆಗೆ ಬಂದವರಲ್ಲಿ ಫಿಲ್ಟರ್ ನೀರು ಕುಡಿಯುವವರೇ ಜಾಸ್ತಿಯಂತೆ. ಹಾಗಾಗಿ ಫಿಲ್ಟರ್ ನೀರೇ ನೋವಿಗೆ ಕಾರಣವಂತೆ. ಘಟಕ ಬಂದ್ ಆಗಿದ್ದು ಒಳ್ಳೆಯದೇ ಆಯಿತಂತೆ! ನಿಮ್ಮ ವರದಿಗಾರರು ಅದನ್ನೇ ತಲೆಬರಹ ಮಾಡಿದ್ದಾರೆ. ಕೊನೆಗೊಂದು ಪ್ರಶ್ನೆ ಗುರುತನ್ನಾದರೂ ಹಾಕಬಾರದಿತ್ತೇ?

ನಮ್ಮ ಅವ್ವ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಬೋರಿನ ನೀರೇ ಕುಡಿದವಳು. ಘಟಕ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, ನೆಲಕ್ಕೆ ಕೂತರೆ ಗೋಡೆ ಹಿಡಿಯದೆ ಏಳುತ್ತಿರಲಿಲ್ಲ. ಡಾಕ್ಟರು ಅವಳ ಕಾಲು ನೋಡಿದರು, ಇಲ್ಲೇ ಹುಟ್ಟಿ ಬೆಳೆದ ನನ್ನ ಹಲ್ಲಿನ ಕಂದು ಕಲೆಯನ್ನೂ ನೋಡಿದರು. 'ಮೊದಲು ಆ ನೀರು ಬಿಡ್ರಿ' ಅಂದರು. ಆಮೇಲೆ ನಾವು ಘಟಕದ ನೀರಿಗೆ ಹೋಗಿದ್ದು. ನಮ್ಮ ಓಣಿಯಲ್ಲಿ ನಾಣ್ಯ ಹಾಕಿ ಕ್ಯಾನು ತುಂಬುತ್ತಿದ್ದವರು ಬಹುತೇಕ ಹೀಗೆ ಡಾಕ್ಟರು ಹೇಳಿ ಕಳಿಸಿದವರೇ. ಮೊಣಕಾಲು ಗಟ್ಟಿ ಇರುವ ಹುಡುಗರು ಇವತ್ತಿಗೂ ಬೋರಿನ ನಲ್ಲಿಗೇ ಬಾಯಿ ಹಚ್ಚುತ್ತಾರೆ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯಿತು ಅಂತಾರಲ್ಲ, ಇಲ್ಲಿ ಅದೂ ಅಲ್ಲ. ಟೊಂಗೆ ಮುರಿದು ಬಿದ್ದ ಮೇಲೆ ಕಾಗೆ ಬಂದು ಕೂತಿದೆ. ಸಾಹೇಬರು ಕಾಗೆಯ ಮೇಲೆ ಕೇಸು ಹಾಕಿದ್ದಾರೆ.

ಕುಷ್ಟಗಿ, ಯಲಬುರ್ಗಾ ಕಡೆಯ ಬೋರುಗಳಲ್ಲಿ ಫ್ಲೋರೈಡ್ ಅನ್ನೋ ಲವಣ ಜಾಸ್ತಿ ಇರೋದು ಹೊಸ ಸುದ್ದಿಯೇನಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ಸರ್ಕಾರದ ಮಾನದಂಡವೂ ಇದೆ, ವಿಶ್ವ ಆರೋಗ್ಯ ಸಂಸ್ಥೆಯದೂ ಇದೆ. ದಾಟಿದರೆ ಆ ಫ್ಲೋರೈಡ್ ಬೆಳೆಯುವ ಮಕ್ಕಳ ಹಲ್ಲಿಗೆ ಕಲೆ ಹಚ್ಚುತ್ತದೆ, ವರ್ಷಗಟ್ಟಲೆ ಮೂಳೆಯಲ್ಲಿ ಕೂತು ಕೀಲು ಹಿಡಿಸುತ್ತದೆ. ಇವತ್ತು ನೀರು ಬದಲಿಸಿದರೆ ನಾಳೆ ಕಾಲು ನೆಟ್ಟಗಾಗಲ್ಲ. ಫಿಲ್ಟರ್ ನೀರಲ್ಲಿ ಬೇಕಾದ ಲವಣವೂ ಕಡಿಮೆಯಾಗುತ್ತದೆ, ಒಪ್ಪಿಕೊಳ್ಳೋಣ. ಅನುಮಾನ ಇದ್ದರೆ ಒಂದೇ ವಯಸ್ಸಿನವರನ್ನು ಕೂರಿಸಿ, ಯಾವ ನೀರು, ಎಷ್ಟು ವರ್ಷ, ನೋವು ಯಾವಾಗಿನಿಂದ ಅಂತ ಕೇಳಬೇಕಿತ್ತು. ಹಾಳೆಯಲ್ಲಿ ಇನ್ನೆರಡು ಕಾಲಂ ಸಾಕಿತ್ತು.

ಈಗ ನನ್ನ ಪಾಡು ಕೇಳಿ. ಬೆಳಿಗ್ಗೆ ಐದೂವರೆಗೆ ಗಾಡಿಗೆ ಎರಡು ಕ್ಯಾನು ಕಟ್ಟಿಕೊಂಡು ನಾಲ್ಕು ಕಿಲೋಮೀಟರ್ ದೂರದ ಪಕ್ಕದೂರಿಗೆ ಹೋಗಬೇಕು. ಬರುವಾಗ ಪೈಪಿಗೆ ಅಗೆದು ಮುಚ್ಚದೆ ಬಿಟ್ಟ ಗುಂಡಿಗಳು. ಒಂದು ಕ್ಯಾನಿನ ಮುಚ್ಚಳ ಸಡಿಲ. ಮನೆ ಮುಟ್ಟುವಾಗ ಅರ್ಧ ನೀರು ಪ್ಯಾಂಟಿನ ಮೇಲೆ! ಬೀದಿದೀಪದ ಮಾತಂತೂ ಬೇಡ. ಹೋದ ವರ್ಷ ಈ ಬೋರಿನ ನೀರಿನ ಬಗ್ಗೆ ಕೇಳಿದಾಗ 'ಕುದಿಸಿ ಆರಿಸಿ ಕುಡಿಯಿರಿ' ಅಂದಿದ್ದರು. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಮಾತ್ರ ಉಳಿದ ನೀರಲ್ಲೇ ಇದ್ದು ಅದರ ಪ್ರಮಾಣ ಇನ್ನಷ್ಟು ಜಾಸ್ತಿಯಾಗುತ್ತದೆ. ಗ್ಯಾಸಿನ ಖರ್ಚು ಮಾತ್ರ ನಮ್ಮದು. ಮೂರು ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿ ಕೇಳಿದರೆ 'ಸೀಲು ಹೊರಗೆ ಹೋಗೈತಿ, ನಾಳೆ ಬರ್ರಿ' ಅನ್ನುತ್ತಾರೆ. ಸೀಲಿಗೂ ಕಾಲು ಬಂದಿದೆ, ನಮ್ಮ ಅವ್ವನಿಗೇ ಇಲ್ಲ.

ಕೂಡಲೇ ಘಟಕ ರಿಪೇರಿ ಮಾಡಿಸಲಿ. ಇಲ್ಲಾಂದ್ರೆ ನದಿ ನೀರನ್ನಾದರೂ ಕೊಡಲಿ. ಗುಂಡಿಯನ್ನೂ ಮುಚ್ಚಲಿ. ಯಾವುದೂ ಆಗಲ್ಲ ಅಂದರೆ ಸುಮ್ನೆ ಸಭೆ ಕರೆದು ನಮ್ಮ ಒಂದು ದಿನದ ಕೂಲಿ ಕಳೆಯೋದನ್ನಾದರೂ ನಿಲ್ಲಿಸಲಿ. ಅಂದ ಹಾಗೆ, ಆವತ್ತು ಸಾಹೇಬರ ಮೇಜಿನ ಮೇಲೆ ಇದ್ದದ್ದು ಬಾಟಲಿ ನೀರು. ಅವರ ಮೊಣಕಾಲು ಹೇಗಿದೆ ಅಂತ ಯಾರೂ ಕೇಳಲಿಲ್ಲ.

— ನೊಂದ ಓದುಗ, ಕೊಪ್ಪಳ ಜಿಲ್ಲೆ