ದಿನೆಯ ಬದುಕನ್ನು ಕನ್ನಡಕ್ಕೆ ತರಲು ಜೊತೆಯಾದವರಿಗೆ

ಫ್ರೆಂಚ್ ಚಿತ್ರಕಾರ ಎತಿಯೆನ್ ದಿನೆಯ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದು ಮುಗಿಸಿದ್ದೇನೆ. ಅಚ್ಚಾದ ಪ್ರತಿಗಳು ಕಳೆದ ವಾರ ಧಾರವಾಡಕ್ಕೆ ಬಂದು ಸೇರಿದವು. ಕೃತಜ್ಞತೆಗೆಂದು ಪುಸ್ತಕದಲ್ಲಿ ಮೀಸಲಿಟ್ಟ ಅರ್ಧ ಪುಟಕ್ಕೆ ಹೆಸರುಗಳಷ್ಟೇ ಹಿಡಿದವು, ಯಾರು ಏನು ಮಾಡಿದರೆಂಬುದನ್ನು ಹೇಳಲು ಜಾಗ ಸಾಲಲಿಲ್ಲ. ಅದನ್ನು ಎಲ್ಲರೆದುರು ಹೇಳದೆ ಈ ಕೆಲಸ ಮುಗಿಯಿತೆಂದು ನನಗೆ ಅನ್ನಿಸುವುದಿಲ್ಲ.

ದಿನೆಯನ್ನು ಅರಿಯದವರಿಗಾಗಿ ನಾಲ್ಕು ಮಾತು. 1861ರಲ್ಲಿ ಪ್ಯಾರಿಸ್ಸಿನ ಸ್ಥಿತಿವಂತ ಕುಟುಂಬವೊಂದರಲ್ಲಿ ಹುಟ್ಟಿದ ಈತ ಅಲ್ಲಿಯ ಎಕೋಲ್ ದೆ ಬೋಜಾರ್‌ನಲ್ಲಿಯೂ ಅಕಾಡೆಮಿ ಜೂಲಿಯಾನ್‌ನಲ್ಲಿಯೂ ಚಿತ್ರಕಲೆ ಕಲಿತವನು. 1884ರಲ್ಲಿ ಅಪರೂಪದ ಜೀರುಂಡೆಯೊಂದನ್ನು ಹುಡುಕಿ ಹೊರಟ ಕೀಟಶಾಸ್ತ್ರಜ್ಞರ ತಂಡದ ಜೊತೆಗೂಡಿ ಆಲ್ಜೀರಿಯಾಕ್ಕೆ ಹೋದ. ಮರುವರ್ಷ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಮತ್ತೆ ಹೋಗಿ ಲಗ್ವಾತ್ ಊರಿನ ಮಾಳಿಗೆಗಳ ಚಿತ್ರ ಬರೆದ. ಆಮೇಲೆ ವರ್ಷದ ಕೆಲವು ತಿಂಗಳು ಅಲ್ಲಿ, ಉಳಿದ ತಿಂಗಳು ಪ್ಯಾರಿಸ್ಸಿನಲ್ಲಿ ಎಂಬಂತಿದ್ದ ಬದುಕು, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆಲ್ಜಿಯರ್ಸ್‌ನಿಂದ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರ್ ದೂರದ ಬೂ ಸಾದಾ ಎಂಬ ಓಯಸಿಸ್ ಊರಿನಲ್ಲಿ ನೆಲೆ ಕಂಡಿತು. ಅರಬ್ಬಿಯನ್ನು ಚೆನ್ನಾಗಿ ಕಲಿತ ಈತ 1913ರಲ್ಲಿ ಇಸ್ಲಾಂ ಸ್ವೀಕರಿಸಿ ನಸ್ರೆದ್ದೀನ್ ಎಂಬ ಹೆಸರಿಟ್ಟುಕೊಂಡ. 1929ರಲ್ಲಿ ಹಜ್ ಯಾತ್ರೆ ಮಾಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಅವನ ಇಚ್ಛೆಯಂತೆ ದೇಹವನ್ನು ಬೂ ಸಾದಾಕ್ಕೆ ಒಯ್ದು 1930ರ ಜನವರಿ 12ರಂದು ದಫನ ಮಾಡಿದರು. ಆಲ್ಜೀರಿಯಾವನ್ನು ವಶಪಡಿಸಿಕೊಂಡ ಶತಮಾನೋತ್ಸವವನ್ನು ಫ್ರಾನ್ಸ್ ಆಚರಿಸಿದ್ದು ಅದೇ ವರ್ಷ.

ಈ ಬದುಕನ್ನು ಬೂ ಸಾದಾದಲ್ಲಿ ಸಾಧ್ಯವಾಗಿಸಿದವನು ಸ್ಲಿಮಾನ್ ಬೆನ್ ಇಬ್ರಾಹಿಂ. ಆಲ್ಜೀರಿಯಾದ ಸಹಾರಾ ಮರುಭೂಮಿಯ ಮ್ಜಾಬ್ ಪ್ರದೇಶದ ಮೂಲದ ಕುಟುಂಬಕ್ಕೆ ಸೇರಿದ ಸ್ಲಿಮಾನ್ ದಿನೆಗೆ ಮೊದಲು ದಾರಿ ತೋರಿಸಿದ, ಆಮೇಲೆ ಮನೆಗಳ ಬಾಗಿಲು ತೆರೆಸಿದ, ಕಥೆಗಳನ್ನು ಹೇಳಿದ, ಕೊನೆಗೆ ಮಕ್ಕಾದವರೆಗೂ ಜೊತೆಗೆ ನಡೆದ. ಆ ಕಾಲದ ಪೌರಸ್ತ್ಯಪ್ರಿಯ ಚಿತ್ರಕಾರರಲ್ಲಿ, ಅಂದರೆ ಪೂರ್ವದ ನಾಡುಗಳ ಬದುಕನ್ನು ಚಿತ್ರಿಸುತ್ತಿದ್ದ ಯುರೋಪಿನವರಲ್ಲಿ, ಅನೇಕರು ಉತ್ತರ ಆಫ್ರಿಕಾದ ಜನರನ್ನು ಮಾದರಿಗಳಾಗಿ ಕೂರಿಸಿ, ಬರೆದು, ಹೊರಟುಹೋದರು. ದಿನೆಯಾದರೋ ತನ್ನ ಪುಸ್ತಕಗಳ ಮೇಲೆ ಸ್ಲಿಮಾನನ ಹೆಸರನ್ನು ತನ್ನ ಹೆಸರಿನ ಪಕ್ಕದಲ್ಲೇ ಅಚ್ಚು ಹಾಕಿಸಿದ. 1918ರಲ್ಲಿ ಬಂದ ಪ್ರವಾದಿ ಮುಹಮ್ಮದರ ಜೀವನಚರಿತ್ರೆಯೂ ಇಬ್ಬರ ಹೆಸರಿನಲ್ಲಿದೆ. 1881ರಿಂದ ಆಲ್ಜೀರಿಯಾದ ಮುಸ್ಲಿಮರ ಮೇಲೆ ಪ್ರತ್ಯೇಕ ದಂಡಸಂಹಿತೆ ಹೇರಿದ್ದ ಆಡಳಿತದ ಅಡಿಯಲ್ಲಿ, ಪೂರ್ಣ ಹಕ್ಕುಗಳಿಲ್ಲದ ಆಳಿಸಿಕೊಂಡ ಪ್ರಜೆಯೊಬ್ಬನೂ ಫ್ರಾನ್ಸಿನ ಪೌರನೊಬ್ಬನೂ ಒಂದೇ ಮುಖಪುಟದಲ್ಲಿ ಸಮನಾಗಿ ನಿಲ್ಲುವುದು ಸಣ್ಣ ಸಂಗತಿಯಲ್ಲ. ನನ್ನ ಪುಸ್ತಕ ಹೇಳಹೊರಟಿರುವುದು ಮುಖ್ಯವಾಗಿ ಇದನ್ನೇ.

ನನಗೆ ಫ್ರೆಂಚ್ ಅಷ್ಟಕ್ಕಷ್ಟೇ. ದಿನೆಯ ಸೋದರಿ ಜಾನ್ ಬರೆದು 1938ರಲ್ಲಿ ಪ್ರಕಟವಾದ ಜೀವನಚರಿತ್ರೆಯೇ ಎಲ್ಲಕ್ಕೂ ಮೂಲವಾದ್ದರಿಂದ, ಪುದುಚೇರಿಯಲ್ಲಿ ನೆಲೆಸಿರುವ ನಿವೃತ್ತ ಫ್ರೆಂಚ್ ಅಧ್ಯಾಪಕಿಯೊಬ್ಬರ ನೆರವಿಲ್ಲದೆ ನಾನು ಮೊದಲ ಅಧ್ಯಾಯವನ್ನೂ ದಾಟುತ್ತಿರಲಿಲ್ಲ. ಕೆಲಸದ ನಡುವೆ ನನ್ನ ಬಲಗಣ್ಣಿನ ಅಕ್ಷಿಪಟಲಕ್ಕೆ ಶಸ್ತ್ರಚಿಕಿತ್ಸೆಯಾಗಿ ಓದು ನಿಂತಾಗ, ಅವರು ಆ ಪುಸ್ತಕವನ್ನು ಪುಟಪುಟವಾಗಿ ಓದಿ, ಅರ್ಥ ಹೇಳಿ, ಧ್ವನಿಮುದ್ರಿಸಿ ಕಳಿಸಿದರು. ಅಣ್ಣನ ಮತಾಂತರದ ಬಗ್ಗೆ ತಂಗಿ ಬರೆಯುವಾಗ ವಾಕ್ಯ ಎಲ್ಲಿ ತಡವರಿಸುತ್ತದೆ, ಎಲ್ಲಿ ಪ್ರೀತಿ ಮೇಲುಗೈ ಪಡೆಯುತ್ತದೆ ಎಂಬುದನ್ನು ಅವರ ದನಿಯಿಂದಲೇ ನಾನು ತಿಳಿದೆ. ಅವರಿಗೆ ನನ್ನ ನಮಸ್ಕಾರ.

ಭಟ್ಕಳದ ಹಿರಿಯ ಅರಬ್ಬಿ ಅಧ್ಯಾಪಕರ ಉಪಕಾರ ಇನ್ನೊಂದು ಬಗೆಯದು. ಇಮಾಮರ ಹಿಂದೆ ಸಾಲಾಗಿ ಕುಳಿತ ಭಕ್ತರನ್ನು ದಿನೆ 1921ರಲ್ಲಿ ಚಿತ್ರಿಸಿದ್ದಾನೆ. ಅದರ ಪ್ರತಿಯನ್ನು ಶೀರ್ಷಿಕೆ ಮರೆಮಾಡಿ ಅವರ ಮುಂದಿಟ್ಟಾಗ, ಅವರು ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, "ಇವರು ಅತ್ತಹಿಯ್ಯಾತ್ ಓದುತ್ತಿದ್ದಾರೆ" ಎಂದರು. ಚಿತ್ರದ ಫ್ರೆಂಚ್ ಶೀರ್ಷಿಕೆಯಲ್ಲಿರುವುದೂ ಅದೇ. ನಮಾಜಿನಲ್ಲಿ ಕುಳಿತು ಹೇಳುವ ಆ ಭಾಗವನ್ನು ಕಾಲು ಮಡಿಸಿದ ರೀತಿಯಿಂದ, ಕೈಗಳಿರುವ ಜಾಗದಿಂದ ಗುರುತಿಸಬಹುದಾದಷ್ಟು ಖಚಿತವಾಗಿ ಈತ ಬರೆದಿದ್ದಾನೆ. ದೂರ ನಿಂತು ನೋಡಿದವನ ಪ್ರಾರ್ಥನೆಯ ಚಿತ್ರಕ್ಕೂ ಸಾಲಿನೊಳಗೆ ಕುಳಿತವನ ಚಿತ್ರಕ್ಕೂ ಇರುವ ವ್ಯತ್ಯಾಸ ನನಗೆ ಮನವರಿಕೆಯಾದದ್ದು ಆ ಮಧ್ಯಾಹ್ನ. ಮುಹಮ್ಮದರ ಜೀವನಚರಿತ್ರೆಯಲ್ಲಿ ದಿನೆ ಪ್ರವಾದಿಯ ರೂಪವನ್ನು ಬರೆಯದೆ, ತನ್ನ ಕಾಲದ ಭಕ್ತರನ್ನೂ ನೆಲವನ್ನೂ ಮಾತ್ರ ಬರೆದದ್ದರ, ಪುಟಗಳ ಅಲಂಕಾರವನ್ನು ಆಲ್ಜಿಯರ್ಸ್‌ನ ತರುಣ ಕಲಾವಿದ ಮುಹಮ್ಮದ್ ರಾಸಿಂಗೆ ವಹಿಸಿದ್ದರ ಔಚಿತ್ಯವನ್ನು ಬಿಡಿಸಿ ಹೇಳಿದವರೂ ಅವರೇ. ಮುಂದೆ ಆಲ್ಜೀರಿಯಾದ ಸೂಕ್ಷ್ಮಚಿತ್ರಕಲೆಯ (ಮಿನಿಯೇಚರ್) ಪರಂಪರೆಗೆ ಹೊಸ ಜೀವ ತುಂಬಿದವನು ಇದೇ ರಾಸಿಂ. ಆ ಪುಸ್ತಕವನ್ನು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಮಡಿದ ಮುಸ್ಲಿಂ ಸೈನಿಕರ ನೆನಪಿಗೆ ಅರ್ಪಿಸಲಾಗಿದೆ ಎಂಬುದನ್ನು ಓದಿದಾಗ ಅಧ್ಯಾಪಕರು ಬಹಳ ಹೊತ್ತು ಅದರ ಕುರಿತೇ ಮಾತನಾಡಿದರು. ಅಂಥ ಸೈನಿಕರ ಗೋರಿಗಲ್ಲುಗಳ ಮಾದರಿಯನ್ನು ರಚಿಸಿಕೊಟ್ಟವನೂ ದಿನೆಯೇ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ನಾನು ವಿಶೇಷವಾಗಿ ಋಣಿ. ಉಲೆದ್ ನಾಯ್ಲ್ ಸಮುದಾಯದ ನರ್ತಕಿಯರನ್ನೂ ತೊರೆಯ ಬದಿಯಲ್ಲಿ ಮೀಯುವ ಹುಡುಗಿಯರನ್ನೂ ದಿನೆ ಮತ್ತೆ ಮತ್ತೆ, ಹಲವು ಸಲ ನಗ್ನವಾಗಿ, ಬರೆದಿದ್ದಾನೆ. ಅವು ಫ್ರಾನ್ಸಿನಲ್ಲಿ ಚೆನ್ನಾಗಿ ಮಾರಾಟವಾದವು. ಹಸ್ತಪ್ರತಿಯ ಆ ಅಧ್ಯಾಯದ ಅಂಚಿನಲ್ಲಿ ಅವಳು ಪೆನ್ಸಿಲಿನಲ್ಲಿ ಬರೆದ ಪ್ರಶ್ನೆಗಳು ಹೀಗಿದ್ದವು: ಈ ಹುಡುಗಿ ಯಾರು? ಬೇಡ ಎನ್ನುವ ಸ್ಥಿತಿಯಲ್ಲಿ ಇದ್ದಳೇ? ಚಿತ್ರವನ್ನು ಅವಳು ನೋಡಿದಳೇ? ಇವುಗಳಿಗೆ ಚಿತ್ರಗಳು ಉತ್ತರ ಕೊಡುವುದಿಲ್ಲ. ಅರಬ್ಬಿ ಬಲ್ಲವನಾದರೂ, ಊರಿನವರಿಗೆ ಬೇಕಾದವನಾದರೂ, ಆಳುವವರ ಕಡೆಯ ಗಂಡಸಿನ ಕಣ್ಣಿಗೆ ಸಿಕ್ಕ ಸಲುಗೆ ಆಳಿಸಿಕೊಂಡವರ ಮಕ್ಕಳ ಮೇಲಿನದಾಗಿತ್ತು. ದಿನೆಯ ಮೇಲಿನ ನನ್ನ ಗೌರವ ಕುಂದಿಲ್ಲ, ಆದರೆ ಆ ಅಧ್ಯಾಯ ಇಮ್ಮಡಿಯಾಯಿತು. ಪುಸ್ತಕದಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಅದೇ ಎಂದು ನಾನು ತಿಳಿದಿದ್ದೇನೆ.

ಹುಬ್ಬಳ್ಳಿಯ ಮುದ್ರಕರ ತಾಳ್ಮೆಯನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ದಿನೆ 1889ರಲ್ಲಿ ಬರೆದ ಲಗ್ವಾತ್‌ನ ಹಾವಾಡಿಗನ ಚಿತ್ರ ಈಗ ಸಿಡ್ನಿಯ ನ್ಯೂ ಸೌತ್ ವೇಲ್ಸ್ ಕಲಾ ಗ್ಯಾಲರಿಯಲ್ಲಿದೆ. ಹಾವಾಡಿಗನ ಸುತ್ತ ನೆರೆದವರ ಒಂದೊಂದು ಮುಖಕ್ಕೂ ಅದರದೇ ಭಾವ, ಮೈಮೇಲೆಲ್ಲ ಸುಡುಬಿಸಿಲು. ಆ ಬಿಸಿಲು ನಂಬುವಂತಾಗುವುದು ನೆರಳಿನಿಂದ. ದಿನೆಯ ನೆರಳು ಕಪ್ಪಲ್ಲ, ನೇರಳೆಗೆ ತಿರುಗುವ ಬಣ್ಣ. ಮೊದಲ ಪರೀಕ್ಷಾ ಪ್ರತಿಯಲ್ಲಿ ಅದು ಬೂದಿಯಾಗಿ ಬಂದಾಗ, ನಾನು ಕೇಳುವ ಮೊದಲೇ "ಇದು ಮಧ್ಯಾಹ್ನದ ಬಿಸಿಲಲ್ಲ ಸರ್, ಮೋಡದ ದಿನ" ಎಂದು ಹೇಳಿ ಹಾಳೆಯನ್ನು ಪಕ್ಕಕ್ಕಿಟ್ಟು, ಸರಿಯಾಗುವವರೆಗೆ ಯಂತ್ರ ನಿಲ್ಲಿಸಿದರು. ಹೆಚ್ಚಿನ ಹಣ ಕೇಳಲಿಲ್ಲ.

ಆಲ್ಜೀರಿಯಾದಲ್ಲಿ ರಸ್ತೆ ಕಾಮಗಾರಿಯಲ್ಲಿದ್ದ ಕಲಬುರಗಿಯ ಎಂಜಿನಿಯರ್ ಒಬ್ಬರು ರಜೆಯ ದಿನ ಬೂ ಸಾದಾಕ್ಕೆ ಹೋಗಿ, ದಿನೆಯ ಹೆಸರಿನ ಮ್ಯೂಸಿಯಮ್ಮನ್ನೂ ಗೋರಿಯನ್ನೂ ನೋಡಿ ಬಂದು ವಿವರ ಬರೆದರು. 1962ರಲ್ಲಿ ಸ್ವತಂತ್ರವಾದ ಮೇಲೂ ಆ ದೇಶ ಈ ಫ್ರೆಂಚನನ್ನು ತನ್ನವನೆಂದು ಇಟ್ಟುಕೊಂಡಿದೆ. ನನ್ನ ಹೆಂಡತಿ, ಮಗ ಇಬ್ಬರೂ ಈ ವರ್ಷಗಳಲ್ಲಿ ನನ್ನ ಕಣ್ಣಿನ ಔಷಧವನ್ನೂ ನನ್ನ ಮಾತನ್ನೂ ಸಹಿಸಿದ್ದಾರೆ. ಅವರಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಪುಸ್ತಕವನ್ನು ದಿನೆಗೇ ಅರ್ಪಿಸಬಾರದೇ ಎಂದು ಪ್ರಕಾಶಕರು ಕೇಳಿದ್ದರು. ಇನ್ನೂರಕ್ಕೂ ಹೆಚ್ಚು ಪುಟಗಳು ಅವನ ಕುರಿತೇ ಇರುವುದರಿಂದ ಅರ್ಪಣೆಯ ಪುಟವನ್ನಾದರೂ ಸ್ಲಿಮಾನ್ ಬೆನ್ ಇಬ್ರಾಹಿಂಗೆ ಬಿಡೋಣವೆಂದೆ. ಅವರು ಒಪ್ಪಿದರು. ಅದಕ್ಕಾಗಿ ಅವರಿಗೂ ಧನ್ಯವಾದ.