ತೆಗೆದರೂ ಹೋಗದ ನಿಮ್ಮ ಬ್ರೌಸರ್ ಕುರಿತು ದೂರು

ಇಂದ:
ಮಾಲೀಕರು,
ಡಿಟಿಪಿ ಮತ್ತು ಆನ್‌ಲೈನ್ ಅರ್ಜಿ ಕೇಂದ್ರ, ತಿಪಟೂರು

ಗೆ:
ಕುಂದುಕೊರತೆ ಅಧಿಕಾರಿಗಳು,
ಬ್ರೌಸರ್ ಕಂಪನಿಯ ಗ್ರಾಹಕ ಸೇವಾ ವಿಭಾಗ

ವಿಷಯ: ಅನ್‌ಇನ್‌ಸ್ಟಾಲ್ ಮಾಡಿದ ನಂತರವೂ ಬ್ರೌಸರ್ ಮರಳಿ ಬರುತ್ತಿರುವುದು ಮತ್ತು ಗ್ರಾಹಕರ ಮಾಹಿತಿ ಅಳಿಯದಿರುವುದು

ಮಾನ್ಯರೇ,

ನಿಮ್ಮ ಬ್ರೌಸರ್ ನಾನು ಕೇಳಿ ಪಡೆದದ್ದಲ್ಲ. ಪಿಡಿಎಫ್ ಕಡತಗಳ ಗಾತ್ರ ತಗ್ಗಿಸುವ ಉಚಿತ ತಂತ್ರಾಂಶವೊಂದರ ಜೊತೆಯಲ್ಲಿ ಬಂದು ಕುಳಿತದ್ದು. ಅಲ್ಲಿ ನಿಮ್ಮ ಹೆಸರಿನ ಮುಂದೆ ಸರಿ ಗುರುತು ಮೊದಲೇ ಹಾಕಿಟ್ಟಿತ್ತು. ಬಂದದ್ದು ಹೇಗೆ ಎಂಬ ಜಗಳ ಈಗ ಬೇಡ. ಹೋಗುತ್ತಿಲ್ಲ ಎನ್ನುವುದು ನನ್ನ ದೂರು.

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿದರೆ ‘ನಿಮ್ಮ ಸುರಕ್ಷತೆಯನ್ನು ಕೈಬಿಡುತ್ತಿದ್ದೀರಿ’ ಎಂಬ ಹೆದರಿಕೆ ಎದುರಾಗುತ್ತದೆ. ಉಳಿಸಿಕೊಳ್ಳುವ ಬಟನ್ ದಪ್ಪ ನೀಲಿಯಲ್ಲಿದೆ, ತೆಗೆಯುವ ಬಟನ್ ಕಣ್ಣಿಗೆ ಬೀಳದಷ್ಟು ಮಸುಕು. ಅದನ್ನೂ ಹುಡುಕಿ ಒತ್ತಿ, ಕಂಪ್ಯೂಟರ್ ಮರುಚಾಲನೆ ಮಾಡಿದೆ. ಮರುದಿನ ಅಂಗಡಿ ತೆರೆದಾಗ ಐಕಾನ್ ಡೆಸ್ಕ್‌ಟಾಪ್‌ನ ಮೇಲೆಯೇ ಇತ್ತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲಿ! ನಿಗದಿತ ಕೆಲಸಗಳನ್ನು ತಾನಾಗಿ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ತೆರೆದು ನೋಡಿದಾಗ ಕಾರಣ ತಿಳಿಯಿತು. ಬ್ರೌಸರ್ ಹೋಗಿತ್ತು, ಅದಕ್ಕೆ ಹೊಸ ಆವೃತ್ತಿ ತರುವ ಅಪ್‌ಡೇಟರ್ ಹೋಗಿರಲಿಲ್ಲ. ಪ್ರತಿ ಲಾಗಿನ್‌ಗೂ ಎಚ್ಚರಗೊಂಡು ಬ್ರೌಸರನ್ನು ಮತ್ತೆ ಇಳಿಸಿಕೊಳ್ಳುತ್ತಿತ್ತು.

ಇಷ್ಟೇ ಆಗಿದ್ದರೆ ಕಿರಿಕಿರಿ ಎಂದು ಸುಮ್ಮನಾಗುತ್ತಿದ್ದೆ. ಹೀಗೆ ಮರಳಿದ ಬ್ರೌಸರಿನಲ್ಲಿ ಒಬ್ಬರು ಅರ್ಜಿ ತುಂಬುತ್ತಿದ್ದಾಗ, ಹಿಂದೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದ ಹುಡುಗಿಯೊಬ್ಬಳ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ತಾವಾಗಿ ಪರದೆಯ ಮೇಲೆ ಮೂಡಿದವು. ಉಳಿಸಿದ ಪಾಸ್‌ವರ್ಡ್‌ಗಳೂ ಹಾಗೆಯೇ ಇದ್ದವು. ನಿಮ್ಮ ಅನ್‌ಇನ್‌ಸ್ಟಾಲರ್ ತಂತ್ರಾಂಶಗಳು ಕೂರುವ ಪ್ರೋಗ್ರಾಂ ಫೈಲ್ಸ್‌ನಲ್ಲಿರುವುದನ್ನು ಮಾತ್ರ ಅಳಿಸುತ್ತದೆ; ಬಳಕೆದಾರರ ಪ್ರೊಫೈಲ್, ಅಂದರೆ ಉಳಿಸಿದ ಮಾಹಿತಿ, ಇರುವ ಆಪ್‌ಡೇಟಾ ಫೋಲ್ಡರನ್ನು ಮುಟ್ಟುವುದಿಲ್ಲ. ಆ ಫೋಲ್ಡರ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಮರೆಯಾಗಿರುತ್ತದೆ, ಸಾಮಾನ್ಯ ಬಳಕೆದಾರ ಅದನ್ನು ನೋಡುವುದೇ ಇಲ್ಲ. ಮಾಹಿತಿ ಅಳಿಸುವ ಚೌಕವೊಂದನ್ನು ಕೊನೆಯ ಪರದೆಯ ತಳದಲ್ಲಿ ಇಟ್ಟಿದ್ದೀರಿ, ಗುರುತಿಲ್ಲದೆ. ಹಾಕಿಕೊಳ್ಳುವಾಗ ಗುರುತು ನೀವೇ ಹಾಕುತ್ತೀರಿ, ಅಳಿಸುವಾಗ ಮಾತ್ರ ನಾವು ಹುಡುಕಿ ಹಾಕಬೇಕು. ಪಾಸ್‌ವರ್ಡ್‌ಗಳನ್ನು ಗೂಢಲಿಪಿಯಲ್ಲಿ ಇಟ್ಟಿದ್ದೇವೆ ಎಂಬ ಉತ್ತರ ಬೇಡ. ಅದರ ಕೀಲಿ ವಿಂಡೋಸ್ ಖಾತೆಗೆ ಹೊಂದಿಕೊಂಡಿರುತ್ತದೆ, ನನ್ನ ಅಂಗಡಿಯಲ್ಲಿ ಬಂದವರೆಲ್ಲ ಕೂರುವುದು ಒಂದೇ ಖಾತೆಯಲ್ಲಿ.

ನಿಮ್ಮ ಸಹಾಯವಾಣಿಗೆ ಬರೆದೆ. ಮೊದಲ ಉತ್ತರ: ಬ್ರೌಸರನ್ನು ಮರುಸ್ಥಾಪಿಸಿ ನೋಡಿ. ಇದನ್ನು ಬರೆದವರು ನನ್ನ ಪತ್ರ ಓದಿರಲಿಕ್ಕಿಲ್ಲ. ಎರಡನೆಯ ಉತ್ತರದಲ್ಲಿ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿ ತೆರೆದು, ಅದರ ನಮೂದುಗಳಾದ ಕೀಗಳನ್ನು ಕೈಯಾರೆ ಅಳಿಸಲು ಹೇಳಿದ್ದಾರೆ. ಒಂದು ಕೀ ತಪ್ಪಿದರೆ ವಿಂಡೋಸ್ ಕೈಕೊಡುತ್ತದೆ, ಆ ದಿನದ ದುಡಿಮೆಯೂ ಹೋಗುತ್ತದೆ. ಯುರೋಪಿಯನ್ ಆರ್ಥಿಕ ವಲಯದ ದೇಶಗಳಲ್ಲಿ 2024ರಿಂದ ವಿಂಡೋಸ್ ಜೊತೆಗೇ ಬರುವ ಎಡ್ಜ್ ಬ್ರೌಸರನ್ನೂ ತೆಗೆದುಹಾಕಲು ಅವಕಾಶವಿದೆ. ಹೊರಗಿನಿಂದ ಬಂದ ನಿಮ್ಮದಕ್ಕೆ ಏನು ಅಡ್ಡಿ?

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು, ಅಂದರೆ ಬಳಕೆದಾರರನ್ನು ದಾರಿ ತಪ್ಪಿಸುವ ಪರದೆಯ ತಂತ್ರಗಳನ್ನು, ಹೆಸರಿಸಿದೆ. ಹೆದರಿಸಿ ಅಥವಾ ನಾಚಿಸಿ ಬಳಕೆದಾರರನ್ನು ತಡೆಯುವುದು, ಬೇಕಾದ ಆಯ್ಕೆಯನ್ನು ಮಸುಕುಗೊಳಿಸುವುದು ಎರಡೂ ಅದರಲ್ಲಿವೆ. ನಿಮ್ಮ ಅನ್‌ಇನ್‌ಸ್ಟಾಲ್ ಪರದೆಯಲ್ಲಿಯೂ ಎರಡೂ ಇವೆ.

ಅಪ್‌ಡೇಟರ್, ಹಿನ್ನೆಲೆಯಲ್ಲಿ ಓಡುವ ಅದರ ಸರ್ವಿಸ್, ನಿಗದಿತ ಕೆಲಸಗಳು, ಪ್ರೊಫೈಲ್ ಇವೆಲ್ಲವನ್ನೂ ಒಮ್ಮೆಗೇ ತೆಗೆಯುವ ಸಾಧನವನ್ನು ಕಳುಹಿಸಿ. ನನ್ನ ಯಂತ್ರದಿಂದ ನಿಮ್ಮ ಸರ್ವರ್‌ಗೆ ಏನೇನು ಹೋಗಿದೆ, ಅದನ್ನು ಅಳಿಸಿದ್ದೀರಾ ಎಂಬುದನ್ನು ಲಿಖಿತವಾಗಿ ತಿಳಿಸಿ. 15 ದಿನಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಉತ್ತರ ಕನ್ನಡದಲ್ಲಿರಲಿ, ಜಾಹೀರಾತನ್ನು ಕನ್ನಡದಲ್ಲಿ ತೋರಿಸಲು ನಿಮಗೆ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಅನ್‌ಇನ್‌ಸ್ಟಾಲ್ ಪರದೆ ಹಾಗೂ ಟಾಸ್ಕ್ ಶೆಡ್ಯೂಲರ್‌ನ ಚಿತ್ರಗಳು, ಸಹಾಯವಾಣಿಯ ಎರಡು ಉತ್ತರಗಳು