ಮೀಟರ್ ಕೇಬಲ್ ಹಾಕುವ ಮೊದಲು

ಚಿ. ಸ್ಮಿತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸ್ಕೂಟರಿನ ಮೀಟರ್ ಮುಳ್ಳು ಸೊನ್ನೆ ಬಿಟ್ಟು ಏಳುತ್ತಿಲ್ಲ, ಹೊಸ ಕೇಬಲ್ ತಂದು ನಾನೇ ಹಾಕಿಕೊಳ್ಳಲೇ ಎಂದು ಕೇಳಿದ್ದೀಯ. ಧಾರಾಳವಾಗಿ ಹಾಕಿಕೋ. ಆದರೆ ಹಳೆಯದು ಏಕೆ ಹೋಯಿತು ಎಂದು ಮೊದಲು ಪತ್ತೆ ಮಾಡು. ಗ್ರೀಸ್ ಒಣಗಿಯೋ, ತುಕ್ಕು ತಿಂದೋ, ಎಲ್ಲೋ ಒಂದು ಕಡೆ ಬಿಗಿಹಿಡಿದೋ ಕೇಬಲ್ ತುಂಡಾಗಿರುತ್ತದೆ. ಆ ಕಾರಣವನ್ನು ಹಾಗೇ ಬಿಟ್ಟರೆ ಹೊಸದೂ ಹೆಚ್ಚು ದಿನ ಬಾಳುವುದಿಲ್ಲ.

ಮುಳ್ಳಿನ ಜೊತೆ ಕಿಲೋಮೀಟರ್ ಅಂಕಿಗಳೂ ನಿಂತಿವೆಯೇ ನೋಡು. ಮುಂದಿನ ಚಕ್ರದಿಂದ ತಿರುಗುವ ಕೇಬಲ್ ಮೀಟರಿನೊಳಗೆ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಆಯಸ್ಕಾಂತ ತನ್ನ ಸುತ್ತಲಿನ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ತನ್ನೊಂದಿಗೆ ಎಳೆಯುತ್ತದೆ, ಮುಳ್ಳು ಇರುವುದು ಆ ಬಟ್ಟಲಿಗೆ. ಅಂಕಿಗಳನ್ನು ಓಡಿಸುವುದು ಮಾತ್ರ ನೇರವಾಗಿ ಗೇರುಗಳು. ಹಾಗಾಗಿ ಅಂಕಿ ಓಡುತ್ತಾ ಮುಳ್ಳು ಮಾತ್ರ ಸತ್ತಿದ್ದರೆ ಕೇಬಲ್ ಚೆನ್ನಾಗಿದೆ, ದೋಷ ಮೀಟರಿನದು. ಎರಡೂ ನಿಂತಿದ್ದರೆ ಕೇಬಲ್ ಹೋಗಿದೆ, ಇಲ್ಲವೇ ಚಕ್ರದ ಬಳಿ ಕೇಬಲನ್ನು ತಿರುಗಿಸುವ ಮೀಟರ್ ಗೇರ್ ಸವೆದಿದೆ.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂಬದಿಗೆ ಭಾರ ಕೊಟ್ಟು ಮುಂದಿನ ಚಕ್ರ ನೆಲ ಬಿಡುವಂತೆ ಮಾಡು. ಹ್ಯಾಂಡಲ್ ಕವರಿನ ಸ್ಕ್ರೂಗಳನ್ನು ಬಿಚ್ಚಿದರೆ ಮೀಟರಿನ ಬೆನ್ನಿಗೆ ಕೂತಿರುವ, ಅಂಚಿಗೆ ಗೀರುಗಳಿರುವ ದುಂಡು ನಟ್ ಸಿಗುತ್ತದೆ. ಕವರನ್ನು ರಭಸದಿಂದ ಎಳೆಯಬೇಡ, ಒಳಗೆ ವೈರುಗಳಿರುತ್ತವೆ. ನಟ್ ಕೈಯಲ್ಲೇ ಬಿಚ್ಚುತ್ತದೆ. ಬಿಗಿಯಾಗಿದ್ದರೆ ಬಟ್ಟೆ ಸುತ್ತಿ ಇಕ್ಕಳದಿಂದ ಮೆಲ್ಲಗೆ ತಿರುಗಿಸು. ಕೆಳಗೆ ಚಕ್ರದ ನಡುಭಾಗವಾದ ಹಬ್ ಬಳಿ ಕೇಬಲನ್ನು ಹಿಡಿದಿರುವುದು ಒಂದು ಸಣ್ಣ ಸ್ಕ್ರೂ ಅಥವಾ ನಟ್. ಔಟರ್ ಎಂಬ ಹೊರಕೊಳವೆಯೊಳಗೆ ತಿರುಗುವ, ಚೌಕ ತುದಿಗಳ ತಂತಿಯೇ ಇನ್ನರ್. ಇನ್ನರಿನ ಮೇಲಿನ ತುಂಡನ್ನು ಮೇಲಿನಿಂದಲೂ ಕೆಳಗಿನದನ್ನು ಕೆಳಗಿನಿಂದಲೂ ಎಳೆದು ತೆಗೆ. ಬಿಸಾಡಬೇಡ, ಪರೀಕ್ಷೆಗೆ ಇವೇ ಬೇಕು.

ತುಂಡಾದ ಜಾಗವನ್ನು ಬೆಳಕಿಗೆ ಹಿಡಿದು ನೋಡು. ಕೆಂಪಗೆ ತುಕ್ಕು ಹಿಡಿದು ಎಳೆಗಳು ಪುಡಿಯಾಗಿದ್ದರೆ ನೀರು ಒಳಹೊಕ್ಕಿದೆ. ಔಟರ್ ಎಲ್ಲಿ ಒಡೆದಿದೆ, ರಬ್ಬರ್ ಎಲ್ಲಿ ಹರಿದಿದೆ ಎಂದು ಹುಡುಕು. ನಡುವೆ ಒಂದೇ ಕಡೆ ಹೊಳಪಾಗಿ ಸವೆದಿದ್ದರೆ ಆ ಜಾಗದಲ್ಲಿ ಕೇಬಲ್ ತೀರಾ ಬಾಗಿತ್ತು. ತುಂಡಾಗದೆ ಚೌಕ ತುದಿಯ ಮೂಲೆಗಳಷ್ಟೇ ಉರುಟಾಗಿದ್ದರೆ ತುದಿ ಕಚ್ಚದೆ ಜಾರುತ್ತಿತ್ತು. ಆದರೆ ಎಳೆಗಳು ಹಗ್ಗ ಹೊಸೆದಂತೆ ತಿರುಚಿಕೊಂಡು ಹರಿದಿದ್ದರೆ ಎಚ್ಚರ: ಒಂದು ತುದಿ ತಿರುಗುತ್ತಿದ್ದಾಗ ಇನ್ನೊಂದು ತುದಿ ಬಿಗಿಹಿಡಿದಿತ್ತು. ಆಗ ಮೀಟರ್ ಪರೀಕ್ಷಿಸದೆ ಹೊಸ ಕೇಬಲ್ ಹಾಕಲೇಬಾರದು.

ಪರೀಕ್ಷೆ ಸುಲಭ. ಮೇಲಿನ ತುಂಡಿನ ಚೌಕ ತುದಿಯನ್ನು ಮೀಟರಿನ ರಂಧ್ರಕ್ಕೆ ಕೂರಿಸಿ ಬೆರಳುಗಳಲ್ಲಿ ಚುರುಕಾಗಿ ಹೊಸೆ. ಅಡೆತಡೆಯಿಲ್ಲದೆ ತಿರುಗಬೇಕು, ಸರಿಯಾದ ದಿಕ್ಕಿನಲ್ಲಿ ಹೊಸೆದಾಗ ಮುಳ್ಳು ತುಸು ಎದ್ದು ಮತ್ತೆ ಸೊನ್ನೆಗೆ ಬರಬೇಕು. ಕೆಳಗಿನ ತುಂಡನ್ನು ಮೀಟರ್ ಗೇರಿಗೆ ಕೂರಿಸಿ ಚಕ್ರ ತಿರುಗಿಸು. ತುಂಡನ್ನು ಬಟ್ಟೆಯಲ್ಲಿ ಹಗುರಾಗಿ ಹಿಡಿದರೂ ತಿರುಗುತ್ತಲೇ ಇರಬೇಕು. ನಿಂತುಬಿಟ್ಟರೆ ಗೇರಿನ ಹಲ್ಲು ಹೋಗಿದೆ. ಗೇರ್ ಬದಲಿಸಲು ಚಕ್ರದ ಆಕ್ಸಲ್ ಬಿಚ್ಚಬೇಕಾದರೆ ಆ ಕೆಲಸ ಮೆಕ್ಯಾನಿಕ್‌ಗೆ ಬಿಡು. ಗೇರಿನ ಕಿವಿಗಳು ಹಬ್ಬಿನ ಕಚ್ಚುಗಳಲ್ಲಿ ಕೂರದೆ ನಟ್ ಬಿಗಿದರೆ ಕಿವಿ ಮುರಿಯುತ್ತದೆ, ಮೇಲಾಗಿ ಅದು ಬ್ರೇಕಿಗೆ ಸಂಬಂಧಿಸಿದ ಜಾಗ.

ಅಂಗಡಿಗೆ ಹಳೆಯ ಕೇಬಲನ್ನೇ ಒಯ್ದು ಪಕ್ಕದಲ್ಲಿಟ್ಟು ಅಳೆ. ಔಟರಿನ ಉದ್ದ, ನಟ್ಟಿನ ಗಾತ್ರ, ಚೌಕದ ಗಾತ್ರ ಮೂರೂ ಹೊಂದಬೇಕು. ಒಂದೇ ಹೆಸರಿನ ಸ್ಕೂಟರಿನಲ್ಲೂ ಡ್ರಮ್ ಬ್ರೇಕಿನದಕ್ಕೂ ಡಿಸ್ಕ್ ಬ್ರೇಕಿನದಕ್ಕೂ ಕೇಬಲ್ ಬೇರೆಯಾಗಿರಬಹುದು. ಔಟರ್ ಚೆನ್ನಾಗಿದ್ದು ಇನ್ನರ್ ಬಿಡಿಯಾಗಿ ಸಿಕ್ಕರೆ ಅಷ್ಟೇ ಸಾಕು. ಕೇಬಲ್ ಸ್ಟಿಯರಿಂಗ್ ಕೊಳವೆಯ ಒಳಗೆ ಹಾಯುವ ಹಳೆಯ ವೆಸ್ಪಾದಂಥ ಗಾಡಿಗಳಲ್ಲಿ ಇದರಿಂದ ಅರ್ಧ ಕೆಲಸ ಉಳಿಯುತ್ತದೆ. ಅಲ್ಲಿ ಔಟರ್ ಬದಲಿಸಲೇಬೇಕಾದರೆ ಹಳೆಯದರ ತುದಿಗೆ ಹೊಸದನ್ನು ಕಟ್ಟಿ ಎಳೆದುಕೋ. ಹಳೆಯದನ್ನು ಮೊದಲೇ ಎಳೆದು ಹಾಕಿದರೆ ದಾರಿ ಸಿಗದೆ ಒದ್ದಾಡುತ್ತೀಯ.

ಗ್ರೀಸ್ ವಿಷಯದಲ್ಲಿ ಎಲ್ಲರೂ ಉದಾರಿಗಳಾಗುತ್ತಾರೆ, ನೀನು ಆಗಬೇಡ. ಇಡೀ ಇನ್ನರಿಗೆ ಒಂದೆರಡು ಕಡಲೆಕಾಳಿನಷ್ಟು ಸಾಕು. ಬೆರಳಲ್ಲಿ ತೆಗೆದುಕೊಂಡು ತೆಳ್ಳಗೆ ಸವರು, ಮೇಲಿನ 15 ಸೆಂ.ಮೀ. ಭಾಗವನ್ನು ಬಹುತೇಕ ಒಣಗಿದಂತೆಯೇ ಬಿಡು. ತಿರುಗುವ ಇನ್ನರ್ ಗ್ರೀಸನ್ನು ಮೇಲಕ್ಕೆ ಹತ್ತಿಸುತ್ತದೆ. ಅದು ಮೀಟರಿನೊಳಗೆ ಹೊಕ್ಕು ಆಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಅಂಟಿಕೊಂಡರೆ ಮುಳ್ಳು ಸುಳ್ಳು ವೇಗ ತೋರಿಸುತ್ತದೆ. ಹಾಗೆಂದು ಪೂರ್ತಿ ಒಣಗಿಸಿಯೂ ಹಾಕಬಾರದು. ಒಣ ಇನ್ನರ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ತಿರುಗುವುದರಿಂದಲೇ ಮುಳ್ಳು ನಡುಗುವುದು. ಹಳೆಯ ಔಟರನ್ನೇ ಉಳಿಸಿಕೊಂಡರೆ ಸೀಮೆಎಣ್ಣೆ ಹನಿಸಿ ತೊಳೆದು, ಪೂರ್ತಿ ಸೋರಿ ಆರಲು ಬಿಡು.

ಇನ್ನರನ್ನು ತಿರುಗಿಸುತ್ತಾ ಇಳಿಸು. ಚೌಕ ಕೂತದ್ದು ಕೈಗೆ ತಿಳಿಯುತ್ತದೆ. ಕೆಳಗಿನ ಸ್ಕ್ರೂ ಬಿಗಿದ ಮೇಲೆ ಮೇಲಿನ ತುದಿಯಲ್ಲಿ ಇನ್ನರ್ ಔಟರಿನಿಂದ ಎಷ್ಟು ಹೊರಚಾಚಿದೆ ನೋಡು. ಸಾಮಾನ್ಯವಾಗಿ ಒಂದು ಸೆಂ.ಮೀ. ಆಸುಪಾಸು ಇರುತ್ತದೆ. ಹೆಚ್ಚಾದರೆ ಮೀಟರನ್ನು ಒಳಗಿನಿಂದ ಒತ್ತಿ ಅದರ ಬುಷ್ (ಅಕ್ಷ ಕೂರುವ ಬಳೆ) ಕೆಡಿಸುತ್ತದೆ, ಕಡಿಮೆಯಾದರೆ ಕಚ್ಚದೆ ಜಾರುತ್ತದೆ. ಮೇಲಿನ ನಟ್ ಹಾಕುವಾಗ ಇನ್ನೊಂದು ಕೈಯಿಂದ ಚಕ್ರವನ್ನು ನಿಧಾನಕ್ಕೆ ತಿರುಗಿಸು, ಚೌಕ ತಾನಾಗಿ ರಂಧ್ರಕ್ಕೆ ಬೀಳುತ್ತದೆ. ನಟ್ ಬಿಗಿಯಲು ಬೆರಳ ಬಲವೇ ಸಾಕು.

ಸರಿಯಾದ ಇನ್ನರ್ ಸಿಗದೆ ಹೊಂದಿಸಿಕೊಳ್ಳಲೇಬೇಕಾದರೆ, ಅದೇ ದಪ್ಪದ, ಅದೇ ಚೌಕದ ಉದ್ದನೆಯ ಇನ್ನರ್ ತಂದು ಕತ್ತರಿಸಬಹುದು. ಇನ್ನರ್ ಜಾರದಂತೆ ತಡೆಯುವ ವಾಷರ್ ಇರುವ ತುದಿಯನ್ನು ಮುಟ್ಟದೆ ಇನ್ನೊಂದನ್ನು ಕತ್ತರಿಸು. ಕತ್ತರಿಸುವ ಜಾಗದ ಗ್ರೀಸನ್ನು ಪೂರ್ತಿ ತೊಳೆದು, ಒಣಗಿಸಿ, ಎರಡು ಮೂರು ಸೆಂ.ಮೀ. ಉದ್ದಕ್ಕೆ ಎಳೆಗಳೊಳಗೆ ಇಳಿಯುವಂತೆ ಬೆಸುಗೆ ಹಾಕಿಸು. ಆಮೇಲೆ ಅದರ ನಡುವೆ ಹ್ಯಾಕ್ಸಾದಿಂದ ಕೊಯ್ಯಿ. ಬೆಸುಗೆ ಇಲ್ಲದೆ ಕತ್ತರಿಸಿದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ತುದಿಯನ್ನು ಗಟ್ಟಿ ಕಬ್ಬಿಣದ ಮೇಲಿಟ್ಟು ನಾಲ್ಕೂ ಬದಿಗೆ ಮೆಲ್ಲಗೆ ತಟ್ಟಿ, ಅರದಿಂದ ಉಜ್ಜಿ ಚೌಕ ಮಾಡು. ಇದು ತಾತ್ಕಾಲಿಕ, ಬೆಸುಗೆಯ ಸೀಸ ಮೆತ್ತಗಿನದು. ಬ್ರೇಕ್ ವೈರ್ ಹಾಕಿದರಾಯಿತು ಎಂದು ಯಾರಾದರೂ ಹೇಳಿದರೆ ಕೇಳಬೇಡ. ಬ್ರೇಕ್ ವೈರ್ ಎಳೆತಕ್ಕೆ ಮಾಡಿದ್ದು, ತಿರುಚಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಮೀಟರ್ ಇನ್ನರಿನ ಹೊರಸುತ್ತು ತಿರುಗಿದಷ್ಟೂ ಬಿಗಿಯಾಗುವಂತೆ ಸುತ್ತಿದ್ದು.

ಹೊಸದು ಹಾಕುವವರೆಗೆ ಗಾಡಿ ಓಡಿಸುವುದಾದರೆ ಕೆಳಗಿನ ತುಂಡನ್ನು ಒಳಗೆ ಬಿಡಬೇಡ, ಮೀಟರ್ ಗೇರನ್ನು ಕೆಡಿಸಬಹುದು. ಔಟರನ್ನು ಮಾತ್ರ ಜಾಗದಲ್ಲೇ ಸಿಕ್ಕಿಸಿಡು, ಇಲ್ಲದಿದ್ದರೆ ಆ ತೂತಿನಿಂದ ನೀರು ಇಳಿಯುತ್ತದೆ. ಅಂಕಿ ಎಲ್ಲಿಗೆ ನಿಂತಿತು ಎಂದು ತಾರೀಕಿನ ಸಮೇತ ಬರೆದಿಡು, ಆಯಿಲ್ ಬದಲಿಸುವ ಲೆಕ್ಕ ತಪ್ಪಬಾರದು.

ಕೆಲಸ ಮುಗಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡು. ಕೇಬಲ್ ಎಳೆಯಬಾರದು, ಮಡಚಿಕೊಳ್ಳಬಾರದು, ಟೈರನ್ನಾಗಲಿ ಬ್ರೇಕ್ ಕೇಬಲನ್ನಾಗಲಿ ಉಜ್ಜಬಾರದು. ಫೋರ್ಕಿನ ಕ್ಲಿಪ್ಪಿನಲ್ಲಿ ಕೂತಿರಬೇಕು. ನಂತರ ಖಾಲಿ ರಸ್ತೆಯಲ್ಲಿ ಮುಳ್ಳನ್ನು 40ರಲ್ಲಿ ನಿಲ್ಲಿಸಿ, ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ, ಒಂದು ಕಿಲೋಮೀಟರ್ ಓಡಿಸು, ಹಿಂದೆ ಕೂತವರು ಗಡಿಯಾರ ನೋಡಲಿ. 90 ಸೆಕೆಂಡ್ ಹಿಡಿಯಬೇಕು. ನಾಲ್ಕೈದು ಸೆಕೆಂಡ್ ಹೆಚ್ಚು ಹಿಡಿದರೆ ಚಿಂತೆ ಬೇಡ, ಮೀಟರುಗಳು ಸ್ವಲ್ಪ ಹೆಚ್ಚೇ ತೋರಿಸುತ್ತವೆ. ತೀರಾ ವ್ಯತ್ಯಾಸ ಬಂದರೆ ಮೀಟರ್ ಗೇರ್ ಅಥವಾ ಮೀಟರ್ ಬೇರೆ ಗಾಡಿಯದೇ ಎಂದು ವಿಚಾರಿಸು.

ಇತಿ ಆಶೀರ್ವಾದಗಳೊಂದಿಗೆ,
ದೊಡ್ಡಪ್ಪ